ಹದಿನಾರು ಅಕ್ಷರದ ತಂತಿಯಮ್ಮ

ತಂತಿಯಮ್ಮ ಹೋಗಿಬಿಟ್ಟರು ಎಂದು ಫೋನ್ ಬಂದ ದಿನ ನನ್ನ ಹೆಂಡತಿ ಗ್ಯಾಸ್ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಏಳದೆ, ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಅತ್ತಳು. ಅವಳ ಸ್ವಂತ ಚಿಕ್ಕಮ್ಮ ತೀರಿಕೊಂಡಾಗ ಹೀಗೆ ಅತ್ತಿರಲಿಲ್ಲ. ನನ್ನ ಅಮ್ಮ ಹೋದಾಗಲಂತೂ ಬಂದವರಿಗೆಲ್ಲ ಕಾಫಿ ಕಾಸಿ ಕೊಡುವುದರಲ್ಲಿ ಅವಳಿಗೆ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ. ನಾನು ಒಲೆ ಆರಿಸಿ ಬಾಗಿಲಲ್ಲಿ ನಿಂತುಕೊಂಡೆ. ದುಃಖ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಯೋಚನೆ ಬಂತು. ನಾನು ಸತ್ತರೆ ಇವಳು ಇಷ್ಟು ಅಳುತ್ತಾಳಾ?

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆಡಬೇಕೆಂದರೂ ತಂತಿಯಮ್ಮನ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ, ನನ್ನ ಕಷ್ಟವೇ ಅದು. ಜಂಬ ಇತ್ತು. ನಾಲಿಗೆ ಚೂಪು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರ ಎಲೆಯ ಹಪ್ಪಳ ಮುರಿದು ತಿನ್ನುತ್ತಿದ್ದರು. ಇಷ್ಟು ಬಿಟ್ಟರೆ, ವರ್ಷಗಟ್ಟಲೆ ಹೊಟ್ಟೆಕಿಚ್ಚಿನಿಂದ ಹುಡುಕಿದ ನನಗೂ ಅವರಲ್ಲಿ ಬೇರೆ ದೋಷ ಸಿಕ್ಕಲಿಲ್ಲ.

ಟೆಲಿಗ್ರಾಂ ಇದ್ದ ಕಾಲದಲ್ಲಿ ನಮ್ಮ ಮೂಡಿಗೆರೆ ಕಡೆಯ ಅಂಚೆ ಕಚೇರಿಯೊಂದರಲ್ಲಿ ಕೂತು ತಂತಿ ಕುಟ್ಟುತ್ತಿದ್ದವರು ಅವರು. ಹೆಸರೊಂದಿತ್ತು, ಯಾರೂ ಕರೆಯುತ್ತಿರಲಿಲ್ಲ. ಗೋಣಿಬೀಡಿನ ಬೆಳೆಗಾರರೊಬ್ಬರು ಬೇಲಿ ಜಗಳದಲ್ಲಿ ತಮ್ಮನ ಮೇಲೆ ಕೆಂಡಾಮಂಡಲವಾಗಿ, ಶಿವಮೊಗ್ಗದಲ್ಲಿದ್ದ ಅವನಿಗೆ ಒಂದು ಪುಟ ಬೈಗುಳ ಬರೆದು ತಂತಿ ಕೊಡಲು ಬಂದಿದ್ದರಂತೆ. ತಂತಿಯಮ್ಮ ಪೂರ್ತಿ ಓದಿ, "ಇಷ್ಟೆಲ್ಲ ಕಳ್ಸಿದ್ರೆ ದಾರಿ ಮೇಲಿನ ಕಂಬ ಎಲ್ಲ ಬಿದ್ದೋಗ್ತವೆ ಮಾರಾಯ. ಕೊನೆಗೆ ನಿಂಗೆ ಎಂತ ಆಗ್ಬೇಕು?" ಅಂದರಂತೆ. "ಅವ್ನು ಬಂದು ನನ್ ಎದುರಿಗೆ ನಿಲ್ಬೇಕು" ಅಂದರು ಬೆಳೆಗಾರರು. "ಹಾಗಾದ್ರೆ ‘ಬಾ’ ಅಂತ ಕಳ್ಸಾನ, ಸಾಕು." ಬರೀ ‘ಬಾ’ ಎಂಬ ತಂತಿ ನೋಡಿದ ತಮ್ಮ ಮನೆಯಲ್ಲಿ ಯಾರು ಹೋದರೋ ಎಂದು ಗಾಬರಿಯಾಗಿ ಸಿಕ್ಕಿದ ಬಸ್ಸು ಹತ್ತಿ ಬಂದ. ಬಾಗಿಲಲ್ಲಿ ಅಣ್ಣ ಗಟ್ಟಿಮುಟ್ಟಾಗಿ ನಿಂತಿದ್ದು ನೋಡಿ ತಬ್ಬಿಕೊಂಡು ಅತ್ತುಬಿಟ್ಟ. ಬೇಲಿ ಇದ್ದಲ್ಲೇ ಉಳಿಯಿತು. ಈ ಕತೆಯನ್ನು ತಂತಿಯಮ್ಮ ತಾವೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಜಂಬ ಇತ್ತು ಅಂದೆನಲ್ಲ.

ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಅನ್ನುತ್ತಿದ್ದರು. ಎಸ್ಟೇಟಿಗೊಂದು ಫೋನು ಬಂದು ತಂತಿ ಕೇಳುವವರಿಲ್ಲದ ಮೇಲೆ ನಿವೃತ್ತಿಯಾಗಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದರು. ಏನಾದರೂ ಯೋಚಿಸುತ್ತ ಕೂತಾಗ ಅವರ ಬಲಗೈಯ ಬೆರಳು ತೊಡೆಯ ಮೇಲೆ ಟಕ ಟಕ ಎಂದು ಕುಟ್ಟುತ್ತಲೇ ಇರುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು ಇರುತ್ತಿದ್ದೆವು. ಅವರು ನನ್ನ ಆಟಕ್ಕೆ ಬಂದರು.

ಆ ಆಟವನ್ನು ನಮ್ಮ ಕಡೆಗೆ ತಂದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇನ್ನೊಬ್ಬರು ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಜಿಯೋಕ್ಯಾಶಿಂಗ್ ಅಂತ ಅದರ ಹೆಸರು. ಯಾರೋ ಒಬ್ಬರು ಕಾಡಲ್ಲೋ ಗುಡ್ಡದಲ್ಲೋ ಒಂದು ಸಣ್ಣ ಡಬ್ಬಿ ಬಚ್ಚಿಟ್ಟು, ಅದು ಇರುವ ಜಾಗದ ಅಕ್ಷಾಂಶ ರೇಖಾಂಶವನ್ನೂ ಒಂದಿಷ್ಟು ಸುಳಿವನ್ನೂ ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಬೇಕಾದವರು ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಒಂದು ಆಟದ ಸಾಮಾನು ತೆಗೆದುಕೊಂಡು ಇನ್ನೊಂದು ಇಟ್ಟು ಬರಬೇಕು. ಅಷ್ಟೇ. ಲಾಭ ಇಲ್ಲ, ನಷ್ಟ ಬೇಕಾದಷ್ಟು. ನಮ್ಮ ತೋಟಕ್ಕೆ ಬಂದುಹೋದ ಯಾರೋ ಪರದೇಶದವರಿಂದ ನಾನು ಇದನ್ನು ಕಲಿತೆ. ನನ್ನ ಹೆಂಡತಿಯ ತಮ್ಮ ದುಬೈಯಿಂದ ಒಂದು ಬಣ್ಣದ ಪರದೆಯ ಜಿಪಿಎಸ್ ತಂದುಕೊಟ್ಟ. ಆ ಕಾಲಕ್ಕೆ ಅದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೇರೆ ಯಾರ ಕೈಯಲ್ಲೂ ಇರಲಿಲ್ಲ ಎಂದು ನಂಬಿದ್ದೆ.

ನನ್ನ ಪದ್ಧತಿ ಹೀಗಿತ್ತು. ಮೂಡಿಗೆರೆಯ ಸೈಬರ್ ಸೆಂಟರಿಗೆ ಹೋಗಿ ಡಬ್ಬಿಯ ಪೂರ್ತಿ ವಿವರ, ಸುಳಿವು, ಮೊದಲು ಹುಡುಕಿಕೊಂಡು ಹೋದವರು ಬರೆದ ಅನುಭವ ಎಲ್ಲವನ್ನೂ ಪ್ರಿಂಟ್ ತೆಗೆಸುವುದು. ಪ್ಲಾಸ್ಟಿಕ್ ಫೈಲಿಗೆ ಹಾಕುವುದು. ಫೈಲನ್ನು ಹೆಂಡತಿಯ ತೊಡೆಯ ಮೇಲಿಟ್ಟು ಜೀಪು ಹೊರಡಿಸುವುದು. ನಾನು ಗಾಡಿ ಓಡಿಸುತ್ತ "ಮುಂದೆ ಓದು, ಮುಂದೆ ಓದು" ಅನ್ನುವುದು. ಅವಳು ವಾರ್ತೆ ಓದುವವರ ದನಿಯಲ್ಲಿ ಶುರು ಮಾಡಿ ಅರ್ಧದಲ್ಲಿ ಜಾರುತ್ತಿದ್ದಳು.

"ಈ ಮನುಷ್ಯಂಗೆ ಹಾವು ಅಂದ್ರೆ ಹೆದ್ರಿಕೆ ಅಂತೆ ಕಣ್ರೀ. ಮತ್ತೆ ಕಾಡಿಗ್ಯಾಕೆ ಬಂದ?"

"ಅದೆಲ್ಲ ಬಿಡು, ಬೇಕಾದ್ದು ಓದು."

"ಅವ್ನ ಹೆಂಡ್ತಿ ಬುತ್ತಿ ಕಟ್ಟಿದ್ಲಂತೆ. ಚಪಾತಿ, ಆಲೂಗೆಡ್ಡೆ ಪಲ್ಯ. ಬಿಸಿಲಿಗೆ ಹಳಸ್ತಂತೆ."

ಜಾಗ ಮುಟ್ಟಿದ ಮೇಲೆ ಜಿಪಿಎಸ್ ನನ್ನ ಕೈಗೆ, ಫೈಲು ಅವಳ ಕೈಗೆ. "ನಮ್ ತಮ್ಮ ತಂದಿದ್ದು, ಒಂದ್ಸಲ ನನ್ ಕೈಗೂ ಕೊಡಿ" ಎಂದು ಅವಳು ಕೇಳುತ್ತಿದ್ದಳು. "ಬೀಳಿಸಿಬಿಟ್ಟೀಯ" ಅನ್ನುತ್ತಿದ್ದೆ. ದುಬಾರಿ ಸಾಮಾನು, ಇಳಿಜಾರು ಕಾಡು. ಯಾರಾದರೂ ಹಾಗೇ ಹೇಳುತ್ತಿದ್ದರು.

ಒಂದು ದಿನ ಸೈಬರ್ ಸೆಂಟರಿನಲ್ಲಿ ನನ್ನ ಪ್ರಿಂಟು ಹೊರಬರುವುದನ್ನು ಕಾಯುತ್ತಿದ್ದೆ. ಪಕ್ಕದ ಕಂಪ್ಯೂಟರಿನಲ್ಲಿ ತಂತಿಯಮ್ಮ ಕೂತಿದ್ದರು. ಕಣ್ಣು ಹಾಯಿಸಿದೆ. ಅದೇ ಪುಟ, ಅದೇ ಡಬ್ಬಿ. ನನ್ನ ಕುರ್ಚಿಯಲ್ಲಿ ಯಾರೋ ಬಂದು ಕೂತ ಹಾಗಾಯಿತು. ಅವರ ಕೈಯಲ್ಲಿ ಇಟ್ಟಿಗೆ ಚೂರಿನಂಥ ಒಂದು ಹಳೆಯ ಕಪ್ಪು ಜಿಪಿಎಸ್ ಇತ್ತು. ಬಣ್ಣವಿಲ್ಲ, ನಕ್ಷೆಯಿಲ್ಲ, ಗಾಜಿನ ಮೇಲೆ ಗೀರು. ಹಡಗಿನಲ್ಲಿ ಕೆಲಸ ಮಾಡುವ ಅವರ ಅಕ್ಕನ ಮಗ ಹೊಸದು ಬಂದ ಮೇಲೆ ಇದನ್ನು ಇವರಿಗೆ ಕೊಟ್ಟು ಹೋಗಿದ್ದನಂತೆ. ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹುಡುಕಿ ಅದಕ್ಕೆ ಏನೋ ತುಂಬಿಸುತ್ತಿದ್ದರು.

"ಎಷ್ಟು ಹಾಳೆ ತೆಗ್ಸಿದ್ಯ ಮಾರಾಯ?" ತಲೆ ಎತ್ತದೆ ಕೇಳಿದರು.

"ಎಂಟೊಂಬತ್ತು ಆಗ್ಬಹುದಮ್ಮ."

"ಒಂದು ಡಬ್ಬಿಗಾ? ಮದುವೆ ಕಾಗ್ದಾನಾ ಅದು?"

ನಾನು ಮರ್ಯಾದೆಗೆ ನಕ್ಕು, "ವಿವರ ಎಲ್ಲ ಬೇಕಾಗುತ್ತಲ್ಲ, ನೀವು ಎಂತ ಮಾಡ್ತೀರಿ?" ಎಂದೆ. ಅವರು ಆ ಇಟ್ಟಿಗೆಯನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಡಬ್ಬಿಯ ಹೆಸರಿಗೆ ಆರು ಅಕ್ಷರದ ಜಾಗ, ಟಿಪ್ಪಣಿಗೆ ಹದಿನಾರು ಅಕ್ಷರದ ಜಾಗ. ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ತುಂಬಿದ್ದರು. ನನ್ನ ಎಂಟೊಂಬತ್ತು ಹಾಳೆಯ ಸಾರವೆಲ್ಲ ‘ಅತ್ತಿ ಬೇರು ಎಡ’ ಎಂದು ಅಲ್ಲಿ ಕೂತಿತ್ತು.

"ಇಷ್ಟೇ ಇರಾದು" ಅಂದರು. "ಉಳ್ದಿದ್ದೆಲ್ಲ ಅವ್ರು ತಿಂಡಿ ತಿಂದಿದ್ದು."

ಕಾಗದವಿಲ್ಲದೆ ಹುಡುಕುವುದಕ್ಕೆ ಪೇಪರ್‌ಲೆಸ್ ಅನ್ನುತ್ತಾರೆ ಎಂಬುದು ನನಗೂ ಗೊತ್ತಿತ್ತು. ಪರದೇಶದಲ್ಲಿ ಅಂಗೈಯಗಲದ ಕಂಪ್ಯೂಟರ್ ಇಟ್ಟುಕೊಂಡು ಮಾಡುತ್ತಾರೆಂದು ಓದಿದ್ದೆ. ಅದನ್ನೊಂದು ತರಿಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಈ ಹೆಂಗಸು ಹಳೆಯ ಇಟ್ಟಿಗೆ ಇಟ್ಟುಕೊಂಡು ನನಗಿಂತ ಮೊದಲು ಮಾಡಿಬಿಟ್ಟಿದ್ದರು. ಅವತ್ತು ಹೊತ್ತಿಕೊಂಡ ಕಿಚ್ಚು.

ಸೌಜನ್ಯಕ್ಕೆ ಮುಂದಿನ ಭಾನುವಾರ ನಮ್ಮ ಜೀಪಿನಲ್ಲೇ ಬನ್ನಿ ಎಂದು ಕರೆದೆ. ಸೌಜನ್ಯಕ್ಕೆ ಕರೆದವರನ್ನು ಅವರು ಯಾವತ್ತೂ ನಿರಾಸೆ ಮಾಡಿದವರಲ್ಲ. ಸಂಸೆಯ ಕಡೆ ಒಂದು ಹಳ್ಳದ ಮೇಲೆ ಆ ಡಬ್ಬಿ ಇತ್ತು. ಜೂನ್ ಹಿಡಿದಿತ್ತು. ಜೀಪು ನಿಲ್ಲಿಸಿ ಅರ್ಧ ದಾರಿ ಹತ್ತುವಷ್ಟರಲ್ಲಿ ಮಳೆ ಹೊಡೆಯಿತು. ಹೆಂಡತಿ ಫೈಲು ತೆರೆದಳು. ಪ್ರಿಂಟಿನ ಶಾಯಿ ಕರಗಿ ಹಾಳೆಯೆಲ್ಲ ನೀಲಿಯಾಗಿತ್ತು. ಹಾಳೆಯ ನಡುವೆ ರಕ್ತ ಹೀರುವ ಒಂದು ಉಂಬಳ ಉದ್ದಕ್ಕೆ ಮಲಗಿತ್ತು. ಅವಳು ಕಿಟಾರನೆ ಕೂಗಿ ಫೈಲನ್ನೇ ಎಸೆದಳು. ತಂತಿಯಮ್ಮ ಸೆರಗಿನಿಂದ ಇಟ್ಟಿಗೆ ಒರೆಸಿ ಅವಳ ಕೈಗಿಟ್ಟರು.

"ಹಿಡ್ಕೊಳೆ ಮಾರಾಯ್ತಿ. ನಂಗೆ ಕಣ್ಣು ಸಮ ಕಾಣಲ್ಲ. ನೀನು ನೋಡ್ಕೊಂಡು ಮುಂದೆ ಹೋಗು, ನಾನು ಹಿಂದೆ ಬರ್ತೀನಿ."

ಇದು ಶುದ್ಧ ಸುಳ್ಳು. ಹಿಂದಿನ ದಿನ ತಾನೇ ಅವರು ತಮ್ಮ ಮನೆಯ ಜಗಲಿಯಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಹೇಳಿಬಿಡೋಣ ಎಂದು ನನ್ನ ಹೆಂಡತಿಯ ಮುಖ ನೋಡಿದೆ. ಮದುವೆಯಲ್ಲಿ ತಾಳಿ ಕಟ್ಟಿಸಿಕೊಂಡಾಗಲೂ ಅವಳ ಮುಖ ಅಷ್ಟು ಅರಳಿರಲಿಲ್ಲ. ಬಾಣದ ಗುರುತು ನೋಡುತ್ತ ಅವಳು ಮುಂದೆ, ಕೋಲೂರುತ್ತ ತಂತಿಯಮ್ಮ ಹಿಂದೆ, ನೀಲಿ ಮುದ್ದೆಯಾದ ಫೈಲು ಹಿಡಿದು ನಾನು ಕೊನೆಗೆ. ಅತ್ತಿ ಬೇರಿನ ಎಡಕ್ಕೆ ಡಬ್ಬಿ ಇತ್ತು. ಅದರೊಳಗಿನ ಚಂದದ ಹಿತ್ತಾಳೆ ಗಂಟೆಯೊಂದನ್ನು ತಂತಿಯಮ್ಮ ಎತ್ತಿಕೊಂಡು, ಬದಲಿಗೆ ಒಂದು ಅಂಗಿ ಗುಂಡಿ ಇಟ್ಟರು. ಇದು ನ್ಯಾಯವಾ ಎಂದು ಕೇಳಿದೆ. "ಗುಂಡಿಯೂ ಬೇಕಾಗುತ್ತೆ" ಅಂದರು.

ಅಲ್ಲಿಂದ ಮುಂದೆ ನನ್ನ ಬಣ್ಣದ ಜಿಪಿಎಸ್ಸಿಗೆ ಬೆಲೆ ಇಲ್ಲದಾಯಿತು. ಮನೆಯಲ್ಲಿ ಹೊತ್ತು ಹೊತ್ತಿಗೂ ತಂತಿಯಮ್ಮನ ಮಾತು. ತಂತಿಯಮ್ಮ ಹೀಗಂದರು, ತಂತಿಯಮ್ಮ ಹಾಗೆ ಮಾಡಿದರು. ಸಿಲ್ವರ್ ಓಕಿನ ದಟ್ಟ ನೆರಳಲ್ಲಿ ಆ ಹಳೆಯ ಇಟ್ಟಿಗೆಗೆ ಉಪಗ್ರಹ ಸಿಗದೆ ಹೋದರೆ ತಂತಿಯಮ್ಮ ಅದನ್ನು ತಲೆಯ ಮೇಲಿಟ್ಟುಕೊಂಡು ಕದಲದೆ ನಿಲ್ಲುತ್ತಾರಂತೆ, ಸಿಗ್ನಲ್ ಬರುತ್ತಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ನಾನು ಅದೇ ಕೆಲಸ ಮಾಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಒಂದು ಕೆಲಸ ಮಾಡಿದೆ ನಾನು. ಇವರು ಹದಿನಾರು ಅಕ್ಷರದಲ್ಲಿ ಮಾಡುವುದನ್ನು ನಾನು ಅದಕ್ಕಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದು ಕೂತೆ. ನನ್ನ ಜಿಪಿಎಸ್ಸಿನಲ್ಲಿ ಟಿಪ್ಪಣಿಗೆ ಹೆಚ್ಚು ಜಾಗ ಇತ್ತು. ಆ ಮಳೆಗಾಲ ಪೂರ್ತಿ ನಮ್ಮ ಮೂರು ತಾಲ್ಲೂಕು, ಆಚೆಯ ಘಟ್ಟ, ಎಲ್ಲೆಲ್ಲಿ ಡಬ್ಬಿ ಇದೆಯೋ ಅದೆಲ್ಲದರ ಸುಳಿವು, ದಾರಿ, ಜೀಪು ನಿಲ್ಲಿಸುವ ಜಾಗ, ಒಂದೂ ಬಿಡದೆ ತುಂಬಿದೆ. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹೆಂಡತಿಯನ್ನು ಕರೆದು ಹೆಮ್ಮೆಯಿಂದ ತೋರಿಸಿದೆ.

"ನೋಡು, ಇನ್ನು ಹಾಳೆ ಹಿಡ್ಕೊಳೋ ಕರ್ಮ ಇಲ್ಲ. ಎಲ್ಲ ಇದ್ರಲ್ಲೇ ಐತೆ."

"ಹೌದಾ?" ಅಂದಳು. "ಹಾಗಾದ್ರೆ ನಾನ್ಯಾಕೆ ಬರ್ಲಿ?"

ನಾನು ಜಿಪಿಎಸ್ ಆರಿಸಿ ಚೀಲಕ್ಕೆ ಹಾಕುವಷ್ಟರಲ್ಲಿ ಅವಳು ಬುತ್ತಿ ಕಟ್ಟಿಕೊಂಡು ಒಂಬತ್ತರ ಬಸ್ಸಿಗೆ ತಂತಿಯಮ್ಮನ ಮನೆಗೆ ಹೋಗಿಯಾಗಿತ್ತು. ಅವತ್ತು ನಾನೊಬ್ಬನೇ ಜೀಪಿನಲ್ಲಿ ಕೊಟ್ಟಿಗೆಹಾರದ ಕಡೆ ಹೋದೆ. ಡಬ್ಬಿ ತಟ್ಟನೆ ಸಿಕ್ಕಿತು. ಹೆಸರು ಬರೆದೆ, ಮುಚ್ಚಿಟ್ಟೆ, ವಾಪಸು ಬಂದೆ. ಹಾವಿಗೆ ಹೆದರುವವನ ಸುದ್ದಿ ಇಲ್ಲ, ಹಳಸಿದ ಚಪಾತಿ ಇಲ್ಲ. ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ ಅತ್ತಿಂದಿತ್ತ ಉರುಳುತ್ತಿತ್ತು.

ಅವರಿಬ್ಬರೂ ಬಸ್ಸಿನಲ್ಲಿ, ಬಾಡಿಗೆ ಜೀಪಿನಲ್ಲಿ, ಎಸ್ಟೇಟ್ ಲಾರಿಯಲ್ಲಿ ಸಹ ತಿರುಗುತ್ತಿದ್ದರು. ಒಮ್ಮೆ ತಂತಿಯಮ್ಮನ ಪದ್ಧತಿ ಚೆನ್ನಾಗಿಯೇ ಕೈಕೊಟ್ಟಿತು. ಡಬ್ಬಿ ಇಟ್ಟವರು ಸೇತುವೆಯ ಹತ್ತಿರ ಹಳ್ಳ ದಾಟಬೇಡಿ, ಈಚೆ ದಡದಲ್ಲೇ ಹುಡುಕಿ ಎಂದು ಬರೆದಿದ್ದರು. ತಂತಿಯಮ್ಮನಿಗೆ ‘ಸೇತುವೆ ಹಳ್ಳ ದಾಟ್’ ಎಂಬಲ್ಲಿಗೆ ಹದಿನಾರು ಅಕ್ಷರದ ಜಾಗ ಮುಗಿದಿತ್ತು. ಉಳಿದದ್ದು ನೆನಪಿರುತ್ತೆ ಬಿಡು ಎಂದುಕೊಂಡಿದ್ದರು, ಇರಲಿಲ್ಲ. ಇಬ್ಬರೂ ಸೀರೆ ಎತ್ತಿಕಟ್ಟಿ ಹಳ್ಳ ದಾಟಿ, ಆಚೆ ಕಾಡಿನಲ್ಲಿ ಮಧ್ಯಾಹ್ನವಿಡೀ ಸುತ್ತಿ, ಡಬ್ಬಿ ಸಿಕ್ಕದೆ ವಾಪಸಾದರು. ಕೇಳಿ ನನಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು. "ಅದಕ್ಕೇ ಹೇಳೋದು, ವಿವರ ಪೂರ್ತಿ ಇರಬೇಕು ಅಂತ" ಎಂದು ಶುರು ಮಾಡಿದೆ. ನನ್ನ ಹೆಂಡತಿ ಕೇಳಿಸಿಕೊಳ್ಳಲೇ ಇಲ್ಲ. ಹಳ್ಳದ ನಡುವೆ ತಂತಿಯಮ್ಮ ಬಂಡೆಯ ಮೇಲೆ ಕೂತುಬಿಟ್ಟು, "ಬೇಡ ಅನ್ನೋ ಮಾತು ಯಾವಾಗ್ಲೂ ಮೊದ್ಲು ಹೇಳ್ಬೇಕು ನೋಡು" ಎಂದದ್ದನ್ನು ಹೇಳಿ ನಕ್ಕಳು, ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರ ಜೊತೆ ದಾರಿ ತಪ್ಪಿದ್ದು ನನ್ನ ಜೊತೆ ಡಬ್ಬಿ ಸಿಕ್ಕಿದ್ದಕ್ಕಿಂತ ಅವಳಿಗೆ ಹೆಚ್ಚಾಗಿತ್ತು.

"ಇಡೀ ದಿನ ಎಂತ ಮಾತಾಡ್ತೀರಿ ನೀವಿಬ್ರೂ?" ಒಮ್ಮೆ ತಡೆಯಲಾರದೆ ಕೇಳಿದೆ.

"ಎಂಥದ್ದೋ."

ಮೊದಲು ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದ ಹೆಂಗಸು ಇವಳು. ಈಗ ನನ್ನ ಜೊತೆ ಹದಿನಾರು ಅಕ್ಷರ ಮೀರುತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಮಣೆಯ ಅಂಚಿನ ಮೇಲೆ ಅವಳ ಬೆರಳು ಟಕ ಟಕ ಎಂದು ಕುಟ್ಟುತ್ತಿದ್ದುದನ್ನೂ ನೋಡಿದೆ. ಆ ದಿನ ಒಂದೇ ರೊಟ್ಟಿಗೆ ಕೈ ತೊಳೆದು ಎದ್ದೆ.

ಹೀಗಿರುವಾಗ ಜಾವಳಿ ಕಡೆಯ ಒಂದು ಎಸ್ಟೇಟಿನೊಳಗೆ ಹೊಸ ಡಬ್ಬಿ ಬಿತ್ತು. ಎಸ್ಟೇಟಿನವರ ನೆಂಟರೊಬ್ಬರು ಮಾಲೀಕರ ಒಪ್ಪಿಗೆ ತೆಗೆದುಕೊಂಡು ಇಟ್ಟಿದ್ದು. ಇನ್ನೂ ಯಾರೂ ಮುಟ್ಟಿರಲಿಲ್ಲ. ಈ ಆಟದಲ್ಲಿ ಮೊದಲು ಹುಡುಕಿದವನ ಹೆಸರಿಗೆ ಒಂದು ಗೌರವವಿದೆ. ಅದನ್ನು ನಾನೇ ಪಡೆಯಬೇಕು, ಅವರಿಬ್ಬರೂ ಬಂದು ಪುಸ್ತಕ ತೆರೆದಾಗ ನನ್ನ ಹೆಸರೇ ಮೇಲಿರಬೇಕು ಎಂದು ಬೆಳಗಾಗುತ್ತಲೇ ಜೀಪು ತೆಗೆದೆ. ಹೆಂಡತಿ ಹಿಂದಿನ ದಿನವೇ ತಂತಿಯಮ್ಮನ ಮನೆಗೆ ಹೋಗಿದ್ದಳು.

ತಿರುವು ದಾಟುತ್ತಲೇ ಮೂಗಿಗೆ ವಾಸನೆ ಹೊಡೆಯಿತು. ತೋಟಕ್ಕೆ ತೋಟವೇ ಬಿಳಿ. ವಾರದ ಹಿಂದೆ ಆ ಕಡೆ ಕಾಫಿ ಗಿಡ ಅರಳಿಸುವ ಹೂವಿನ ಮಳೆ ಬಿದ್ದಿತ್ತು, ನಮ್ಮ ಕಡೆ ಬಿದ್ದಿರಲಿಲ್ಲ. ನನ್ನ ಜಿಪಿಎಸ್ಸಿನಲ್ಲಿ ಜೀಪು ನಿಲ್ಲಿಸುವ ಜಾಗವಿತ್ತು, ಗೇಟಿನಿಂದ ಎಷ್ಟು ದೂರ ಎಂಬುದಿತ್ತು, ಯಾವ ಮರದ ಬುಡ ಎಂಬುದಿತ್ತು. ಕಾಫಿ ಹೂವಾಗಿರುತ್ತದೆ ಎಂಬುದು ಮಾತ್ರ ಇರಲಿಲ್ಲ. ಹೂವಾದ ತೋಟಕ್ಕೆ ಕಾಯಿ ಕಚ್ಚುವವರೆಗೆ ಆಳುಗಳನ್ನೂ ಬಿಡುವುದಿಲ್ಲ, ಮಾಲೀಕನೂ ಇಳಿಯುವುದಿಲ್ಲ. ಮೈ ತಗುಲಿ ಹೂವುದುರಿದರೆ ಅಷ್ಟು ಫಸಲು ಹೋದಂತೆಯೇ. ನಾನೂ ಬೆಳೆಗಾರ. ಬೇರೆ ಯಾರಾದರೂ ನನ್ನ ತೋಟದಲ್ಲಿ ಅಂಥ ದಿನ ಕಾಲಿಟ್ಟಿದ್ದರೆ ಕೋವಿ ತರುತ್ತಿದ್ದೆ. ಗೇಟಿಗೆ ಸರಪಳಿ ಬಿದ್ದಿತ್ತು. ಪಕ್ಕದ ಮೋರಿ ಕಟ್ಟೆಯ ಮೇಲೆ ತಂತಿಯಮ್ಮನೂ ನನ್ನ ಹೆಂಡತಿಯೂ ಕೂತು ಅಕ್ಕಿ ರೊಟ್ಟಿ ತಿನ್ನುತ್ತಿದ್ದರು.

"ಒಳಗೆ ಹೋಗೋ ಹಾಗಿಲ್ಲ ಅಂತ ಗೊತ್ತಿರ್ಲಿಲ್ವಾ ನಿಮ್ಗೆ?" ಎಂದೆ.

"ಗೊತ್ತಿತ್ತಲ್ಲ" ಅಂದರು ತಂತಿಯಮ್ಮ.

"ಮತ್ತೆ ಬಂದಿದ್ದು ಯಾಕೆ?"

"ಹೂ ನೋಡಾಕೆ."

ನನ್ನ ಹೆಂಡತಿ ನನಗೊಂದು ರೊಟ್ಟಿ ಕೊಟ್ಟಳು, ದಾರಿಹೋಕರಿಗೆ ಕೊಡುವ ಹಾಗೆ. ಜೇನುಹುಳುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರಿಬ್ಬರೂ ಸುಮ್ಮನೆ ಕೂತು ಮೂಗರಳಿಸಿ ಉಸಿರೆಳೆದುಕೊಳ್ಳುತ್ತಿದ್ದರು. ನಮ್ಮ ತೋಟದಲ್ಲೂ ವರ್ಷವರ್ಷವೂ ಹೂವಾಗುತ್ತದೆ. ನಮ್ಮ ಗೇಟಿನ ಮುಂದೆ ನನ್ನ ಪಕ್ಕ ಅವಳು ಒಂದು ದಿನವೂ ಹೀಗೆ ಕೂತಿರಲಿಲ್ಲ.

ಹೂವು ಕಂದುವವರೆಗೆ ದಿನಾ ಅತ್ತ ಕಡೆ ಏನಾದರೂ ನೆಪ ಮಾಡಿಕೊಂಡು ಹೋಗಿ ಗೇಟು ನೋಡಿಕೊಂಡು ಬಂದೆ. ಸರಪಳಿ ತೆಗೆದ ದಿನ ಮೇಸ್ತ್ರಿಯನ್ನು ಕೇಳಿ ಎಲ್ಲರಿಗಿಂತ ಮೊದಲು ನುಗ್ಗಿದೆ. ಡಬ್ಬಿ ಸಿಕ್ಕಿತು. ಪುಸ್ತಕ ಹೊಚ್ಚಹೊಸದು. ಮೊದಲನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದು, ಹೊರಗೆ ಬಂದರೆ ಅವರಿಬ್ಬರೂ ಆಗ ತಾನೇ ಬಸ್ಸಿಳಿದು ಅದೇ ಮೋರಿ ಕಟ್ಟೆಯ ಮೇಲೆ ಕೂತಿದ್ದರು.

"ನಾನೇ ಫಸ್ಟು!" ಎಂದು ಕೂಗಿದೆ.

"ಒಳ್ಳೇದಾಯ್ತಲ್ಲ ಮಾರಾಯ" ಅಂದರು ತಂತಿಯಮ್ಮ, ನಿಜವಾಗಿ ಸಂತೋಷದಿಂದಲೇ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಹಾಂ, ಆಮೇಲೆ ನಿಮ್ಮಪ್ಪ ಎಂತ ಅಂದ್ರು?" ಎಂದು ಕೇಳಿದರು. ಅವಳು ತನ್ನ ಅಪ್ಪನ ಯಾವುದೋ ಕತೆ ಹೇಳುತ್ತಿದ್ದಳು. ನನಗೆ ಯಾವತ್ತೂ ಹೇಳಿರದ ಕತೆ. ನಾನು ಜೀಪಿನ ಬಾನೆಟ್ಟಿಗೆ ಒರಗಿ ನಿಂತು ಕಿವಿಗೊಟ್ಟೆ. ಬಸ್ಸೊಂದು ಹಾರ್ನ್ ಹಾಕುತ್ತ ಹೋಗಿ ಮುಖ್ಯವಾದ ಜಾಗವೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಅಭಿಮಾನ ಬಿಡಲಿಲ್ಲ.

ಅದಾದ ಮೇಲೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಂತಿಯಮ್ಮನ ಮಂಡಿ ಹೋಯಿತು. ಮಂಡಿಯ ಬೆನ್ನಿಗೇ ಎದೆ. ಗುಡ್ಡ ಹತ್ತುವುದು ನಿಂತಿತು. ಆದರೆ ಇಟ್ಟಿಗೆಗೆ ತುಂಬಿಸುವುದು ನಿಲ್ಲಲಿಲ್ಲ. ಓಣಿಯ ಮನೆಯಲ್ಲಿ ಕಿಟಕಿಯ ಪಕ್ಕ ಮಲಗಿ ನನ್ನ ಹೆಂಡತಿಯ ಕೈಯಲ್ಲಿ ಹಾಳೆ ಓದಿಸುತ್ತಿದ್ದರು, ತಾವು ಗುಂಡಿ ಒತ್ತುತ್ತಿದ್ದರು. ಹಾಳೆ ತಂದುಕೊಡುತ್ತಿದ್ದವನು ನಾನು. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಫೈಲಿಗೆ ಹಾಕಿ, ಅವರ ಬಾಗಿಲಿಗೆ ಮುಟ್ಟಿಸಿ ಬರುತ್ತಿದ್ದೆ. ಒಳಗಿಂದ ಹೆಂಡತಿ ಓದುವ ದನಿ ಕೇಳುತ್ತಿತ್ತು, ತಿಂಡಿ ತಿಂದ ಭಾಗವನ್ನೂ ಬಿಡದೆ. ತಂತಿಯಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಪಾಪ, ಮತ್ತೆ ಎಂತ ತಿಂದ್ರಂತೆ?" ಅನ್ನುತ್ತಿದ್ದರು. ಬೇಕಾದ್ದು ಓದು ಎಂದು ಅವಸರ ಮಾಡುತ್ತಿರಲಿಲ್ಲ. ಕಾಯಿಲೆ ಬಿದ್ದ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಯಾವ ಲೋಕದ ನ್ಯಾಯವೋ ಗೊತ್ತಿಲ್ಲ. ನಾನು ಪಟ್ಟೆ. ಜಗಲಿಯಲ್ಲಿ ಚಪ್ಪಲಿ ಬಿಡುವಾಗಲೂ ಪಟ್ಟೆ, ಹಾಕಿಕೊಳ್ಳುವಾಗಲೂ ಪಟ್ಟೆ.

ಒಂದು ಸಲ ಅವರೇ ಕರೆದು ಕೂರಿಸಿಕೊಂಡರು. ಹೆಂಡತಿ ಕಾಫಿಗೆ ಒಳಗೆ ಹೋಗಿದ್ದಳು.

"ನಿಂಗೆ ನನ್ ಮೇಲೆ ಸಿಟ್ಟು, ಅಲ್ವನಾ?"

"ಛೆ ಛೆ, ಎಂತ ಮಾತಮ್ಮ" ಎಂದೆ.

"ಇರ್ಲಿ ಬಿಡು. ನಿನ್ ಹೆಂಡ್ತಿ ಚೆನ್ನಾಗಿ ಓದ್ತಾಳೆ."

ಅಷ್ಟೇ ಅಂದರು. ನನ್ನ ಹೆಂಡತಿ ಚೆನ್ನಾಗಿ ಓದುತ್ತಾಳೆ ಎಂದು ನನಗೇ ಹೇಳುವುದಾ ಎಂದು ಮೈಯೆಲ್ಲ ಉರಿಯಿತು. ಕಾಫಿ ಕುಡಿದು ಎದ್ದ ಮೇಲೂ ಉರಿಯುತ್ತಲೇ ಇತ್ತು.

ತಿಥಿ ಮುಗಿದ ಮೇಲೆ ಹಡಗಿನಿಂದ ಬಂದಿದ್ದ ಅಕ್ಕನ ಮಗ ಆ ಇಟ್ಟಿಗೆಯನ್ನು ತಂದು ನನ್ನ ಹೆಂಡತಿಗೆ ಕೊಟ್ಟ. "ಚಿಕ್ಕಮ್ಮ ಮೊದ್ಲೇ ಹೇಳಿದ್ರು, ಇದು ನಿಮ್ಗೇ ಅಂತ." ಅವಳು ಅದನ್ನು ದೇವರ ಮುಂದೆ ಇಡಲಿಲ್ಲ, ಪೆಟ್ಟಿಗೆಯಲ್ಲಿ ಮುಚ್ಚಿಡಲೂ ಇಲ್ಲ. ಹೊಸ ಸೆಲ್ ತರಲು ನನಗೆ ಹೇಳಿದಳು. ಕಳಸದ ಮೇಲಿನ ಗುಡ್ಡದಲ್ಲಿ ಒಂದು ಡಬ್ಬಿ ಇದೆಯಂತೆ, ತಂತಿಯಮ್ಮ ತುಂಬಿಸಿಟ್ಟು ಹೋಗಲಾಗದೆ ಉಳಿದದ್ದು, ತಾನು ಹೋಗಬೇಕು ಅಂದಳು.

"ನಾನು ಬರ್ಲಾ?" ಎಂದೆ. ಹೆಂಡತಿಯನ್ನು ಹಾಗೆ ಕೇಳುವ ಕಾಲವೂ ಬಂತಲ್ಲ ಎಂದು ಒಳಗೊಳಗೇ ಅನ್ನಿಸಿತು.

"ಜೀಪು ಬೇಕಲ್ಲ, ಬನ್ನಿ" ಅಂದಳು. "ಒಂದು ಮಾತು. ನಿಮ್ಮದ್ರಲ್ಲಿ ಎಲ್ಲ ಇರುತ್ತೆ, ನಂಗೊತ್ತು. ಹೇಳ್ಬೇಡಿ."

ಕಳಸ ದಾಟಿ ಜೀಪು ಹೋಗುವಷ್ಟು ಹೋಗಿ, ಅಲ್ಲಿಂದ ನಡೆದೆವು. ಬೋಳು ಗುಡ್ಡ, ಮೊಣಕಾಲೆತ್ತರ ಹುಲ್ಲು, ಗಾಳಿ. ತಂತಿಯಮ್ಮನ ಟಿಪ್ಪಣಿಯಲ್ಲಿ ‘ಜೋಡಿ ಕಲ್ಲು’ ಎಂದಷ್ಟೇ ಇತ್ತು. ಆ ಗುಡ್ಡದಲ್ಲಿ ಜೋಡಿ ಕಲ್ಲಿಗೇನು ಬರ. ಅವಳು ಒಂದು ಜೋಡಿ ನೋಡಿದಳು, ಇನ್ನೊಂದು ನೋಡಿದಳು, ಬಗ್ಗಿ ಕೈ ಹಾಕಿದಳು, ಎದ್ದಳು. ನಾನು ಕೆಳಗೆ ಒಂದು ಬಂಡೆಯ ಮೇಲೆ ಕೂತೆ. ನನ್ನ ಜೇಬಿನಲ್ಲಿ ಬಣ್ಣದ ಪರದೆಯ ಮೇಲೆ ಪೂರ್ತಿ ವಿವರವಿತ್ತು. ಯಾವ ಜೋಡಿ, ಯಾವ ಕಡೆಯ ಸಂದು, ಮೇಲೆ ಚಪ್ಪಡಿ ಮುಚ್ಚಿದೆ ಎಂಬುದೂ ಇತ್ತು. ಬಿಸಿಲು ಏರಿತು. ಅವಳು ಎರಡು ಸಲ ಅದೇ ಚಪ್ಪಡಿಯ ಮೇಲೆಯೇ ಕಾಲಿಟ್ಟು ದಾಟಿ ಹೋದಳು. ನಾಲಿಗೆ ತುದಿಗೆ ಬಂದದ್ದನ್ನು ಎರಡು ಸಲವೂ ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಗೊತ್ತಿದ್ದೂ ಸುಮ್ಮನೆ ಕೂತಿದ್ದು ಅದೇ ಮೊದಲು.

ಮೂರನೆಯ ಸಲ ಅವಳ ಕಾಲ ಕೆಳಗೆ ಚಪ್ಪಡಿ ಅಲುಗಿತು. ಕೂತು, ಎರಡೂ ಕೈಯಲ್ಲಿ ಎತ್ತಿ ಸರಿಸಿದಳು. ಡಬ್ಬಿ ಕೈಗೆ ಬಂತು. ಅದನ್ನು ತಲೆಯ ಮೇಲೆತ್ತಿ ಹಿಡಿದು, ಮುಖ ತುಂಬ ನಗುತ್ತ, ಇಳಿಜಾರಿನ ಕಡೆ ತಿರುಗಿ ಗಂಟಲು ಬಿರಿಯುವ ಹಾಗೆ ಕೂಗಿದಳು.

"ಅಮ್ಮಾ! ಸಿಕ್ತು, ಬನ್ನಿ!"

ಕೂಗಿಯಾದ ಮೇಲೆ ಅವಳಿಗೇ ಗೊತ್ತಾಯಿತು. ಎತ್ತಿದ ಕೈ ಹಾಗೇ ನಿಂತಿತು, ನಗು ಅರ್ಧಕ್ಕೆ ನಿಂತಿತು. ಗಾಳಿಗೆ ಹುಲ್ಲು ಬಾಗುತ್ತಿತ್ತು. ಇಳಿಜಾರಿನಲ್ಲಿ ಇದ್ದವನು ನಾನೊಬ್ಬನೇ. ಕರೆದದ್ದು ನನ್ನನ್ನಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಹೊಟ್ಟೆಯೊಳಗೆ ಉರಿಯಿತು, ಯಾವತ್ತಿನ ಹಾಗೇ ಉರಿಯಿತು.

"ಬಂದೆ ಮಾರಾಯ್ತಿ, ಬಂದೆ" ಎಂದು ಎದ್ದು ಗುಡ್ಡ ಹತ್ತಿದೆ.